ನೆಕ್ಸ್ಟ್‌ಡೋರ್‌ನಲ್ಲಿ ‘ಅನುಮಾನದ ವ್ಯಕ್ತಿ’ ಬಗ್ಗೆ ಬರೆಯಲು ಹೋದರೆ ಅಷ್ಟೊಂದು ಪ್ರಶ್ನೆ ಯಾಕೆ ಕೇಳುತ್ತೆ?

ಬರೀ ಮೈಬಣ್ಣ ನೋಡಿ ಯಾರನ್ನೋ ಕಳ್ಳ ಅಂತ ಬರೆಯುವುದನ್ನು ತಡೆಯೋಕೆ.

ನೆಕ್ಸ್ಟ್‌ಡೋರ್ 2011ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಒಂದೇ ಬಡಾವಣೆಯವರು ಸುದ್ದಿ ಹಂಚಿಕೊಳ್ಳುವ ತಾಣ ಇದು. ಕಳೆದುಹೋದ ನಾಯಿ, ಮಾರಾಟಕ್ಕಿರುವ ಸೋಫಾ, ಒಳ್ಳೆ ಪ್ಲಂಬರ್, ಇಂಥದ್ದಕ್ಕೆಲ್ಲ ತುಂಬಾ ಅನುಕೂಲ. ಆದರೆ ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ, ಸುಮ್ನೆ ಬೀದಿಯಲ್ಲಿ ನಡೆದು ಹೋಗುವ ಕಪ್ಪು ಜನರ ಮೇಲೂ ‘ಹುಷಾರು’ ಅನ್ನುವ ಪೋಸ್ಟ್‌ಗಳು ಬಂದವು. ಅಲ್ಲಿನ ನಿವಾಸಿಗಳು ಪಟ್ಟುಹಿಡಿದು ದೂರು ಕೊಟ್ಟರು. 2016ರಲ್ಲಿ ಕಂಪನಿ ಇಂಥ ಪೋಸ್ಟ್ ಬರೆಯುವ ಫಾರ್ಮನ್ನೇ ಬದಲಿಸಿತು.

ಆ ವ್ಯಕ್ತಿ ನಿಜವಾಗಿ ಮಾಡಿದ್ದೇನು ಅಂತ ಫಾರ್ಮ್ ಕೇಳುತ್ತದೆ. ಜನಾಂಗ ಬರೆದರೆ ಅಷ್ಟಕ್ಕೇ ಬಿಡುವುದಿಲ್ಲ. ಕೂದಲು, ಅಂಗಿ, ಶೂ ಇಂಥ ಬೇರೆ ಗುರುತುಗಳನ್ನೂ ಹೇಳಬೇಕು.

ಗುಟ್ಟು ಇರುವುದು ಈ ತಡೆಯಲ್ಲೇ. ಭಯವಾದಾಗ ಕೈ ಮೊದಲು ಓಡುತ್ತದೆ, ಯೋಚನೆ ಆಮೇಲೆ ಬರುತ್ತದೆ, ಅಲ್ವಾ? ‘ಕಾರಿನ ಬಾಗಿಲು ಎಳೆದು ನೋಡಿದ’ ಅನ್ನುವುದು ಮಾಹಿತಿ. ‘ನಮ್ಮ ಕಡೆಯವನಲ್ಲ’ ಅನ್ನುವುದು ಬರೀ ಅನಿಸಿಕೆ. ಬರೆಯೋಕೆ ಏನೂ ಇಲ್ಲ ಅಂತ ಗೊತ್ತಾದಾಗ ಎಷ್ಟೋ ಜನ ಅರ್ಧಕ್ಕೇ ನಿಲ್ಲಿಸುತ್ತಾರೆ. ಅದು ಒಳ್ಳೆಯದೇ. ಸುಳ್ಳು ಅನುಮಾನಕ್ಕೆ ಪೊಲೀಸರನ್ನು ಕರೆದರೆ ಅಮಾಯಕನ ಜೀವಕ್ಕೇ ಕುತ್ತು ಬರಬಹುದು.