ಮೆಟಾಲಿಕಾನಾ, ಮೆಗಾಡೆತ್ತಾ? ಮೊದಲು ಆ ಜಗಳದ ಕತೆ ಬದಿಗಿಡಿ

ಈಗಷ್ಟೇ ಮೆಟಲ್ (ರಾಕ್‌ನ ಗಟ್ಟಿ ಸದ್ದಿನ ಪ್ರಕಾರ) ಕೇಳಲು ಶುರು ಮಾಡಿದ್ದೀರಿ. ಗೆಳೆಯರಲ್ಲಿ ಅರ್ಧ ಜನ ಮೆಟಾಲಿಕಾ ಅಂತಾರೆ, ಅರ್ಧ ಜನ ಮೆಗಾಡೆತ್ ಅಂತಾರೆ. ಯಾವುದು ದೊಡ್ಡದು, ನಾನು ಯಾವ ಕಡೆ ಸೇರಲಿ ಅಂತ ಕೇಳಿದ್ದೀರಿ. ಯಾವ ಕಡೆಗೂ ಸೇರಬೇಡಿ. ಸೇರಿದ್ದರಿಂದ ನಾನು ಏನು ಕಳೆದುಕೊಂಡೆ ಅಂತ ಹೇಳ್ತೀನಿ.

ನಾನು ಮೆಟಾಲಿಕಾ ಕಡೆಯವನಾಗಿದ್ದೆ. 'ಮಾಸ್ಟರ್ ಆಫ್ ಪಪೆಟ್ಸ್' ಕೇಳಿದ ಮೇಲೆ ಬೇರೆ ಸಂಗೀತವೇ ಬೇಡ ಅನ್ನಿಸಿತ್ತು. ಗಿಟಾರ್ ಹಿಡಿದದ್ದೇ ಆ ಆಲ್ಬಂನಿಂದ. ಗೆಳೆಯರೆಲ್ಲ ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದೆವು. ನಾನು ರಿದಮ್ (ಹಾಡಿಗೆ ಬುನಾದಿ ಹಾಕುವ ಗಿಟಾರ್) ನುಡಿಸುತ್ತಿದ್ದೆ, ನನ್ನ ಹಳೆಯ ಗೆಳೆಯ ಲೀಡ್ (ಸೋಲೋ ನುಡಿಸುವ ಗಿಟಾರ್). ಅವನ ಕೈ ನಮ್ಮೆಲ್ಲರಿಗಿಂತ ಚುರುಕು. ಅವನಿಗೆ ಮೆಗಾಡೆತ್ ಅಂದರೆ ಪ್ರಾಣ. ಒಂದು ದಿನ ಪ್ರಾಕ್ಟೀಸ್‌ನಲ್ಲಿ 'ಹೋಲಿ ವಾರ್ಸ್' ಕಲಿಯೋಣ ಅಂದ. ಆಗಲ್ಲ ಅಂದೆ. ಯಾಕೆ ಅಂತ ಕೇಳಿದ. ಮೆಟಾಲಿಕಾದಿಂದ ಹೊರಬಿದ್ದವನ ಹೊಟ್ಟೆಯುರಿ ಅದು, ಅದರಲ್ಲಿ ಬೇರೇನಿದೆ ಅಂದುಬಿಟ್ಟೆ.

ಈ ಮಾತು ಯಾಕೆ ತಪ್ಪು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ಗೆಳೆಯರು ನಿಮ್ಮ ಕಿವಿಗೆ ತುಂಬುತ್ತಿರುವುದೂ ಇದೇ ಕತೆ ಇರಬಹುದು.

ಕತೆ ಎಲ್ಲರಿಗೂ ಗೊತ್ತು. 1981ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಡ್ರಮ್ಸ್ ನುಡಿಸುವ ಲಾರ್ಸ್ ಉಲ್ರಿಕ್ ಮತ್ತು ಹಾಡುತ್ತಾ ಗಿಟಾರ್ ನುಡಿಸುವ ಜೇಮ್ಸ್ ಹೆಟ್‌ಫೀಲ್ಡ್ ಸೇರಿ ಮೆಟಾಲಿಕಾ ಶುರು ಮಾಡಿದರು. ಡೇವ್ ಮಸ್ಟೇನ್ ಲೀಡ್ ಗಿಟಾರಿಗೆ ಬಂದ. 1983ರ ಏಪ್ರಿಲ್‌ನಲ್ಲಿ, ಮೊದಲ ಆಲ್ಬಂ ರೆಕಾರ್ಡ್ ಮಾಡುವುದಕ್ಕೆ ಸ್ವಲ್ಪ ಮುಂಚೆ, ಅವನನ್ನು ಬ್ಯಾಂಡಿನಿಂದ ತೆಗೆದರು. ನ್ಯೂಯಾರ್ಕ್‌ನಲ್ಲಿ ಬಸ್ ಹತ್ತಿಸಿ ಅಮೆರಿಕದ ಆ ತುದಿಗೆ ವಾಪಸ್ ಕಳಿಸಿದರು. ಅವನ ಜಾಗಕ್ಕೆ ಎಕ್ಸೋಡಸ್ ಬ್ಯಾಂಡಿನಿಂದ ಕರ್ಕ್ ಹ್ಯಾಮೆಟ್ ಬಂದ. ಮಸ್ಟೇನ್ ಅದೇ ವರ್ಷ ಮೆಗಾಡೆತ್ ಕಟ್ಟಿದ.

ನಾನು ಈ ಕತೆಯನ್ನು ಮೊದಲು ಕೇಳಿದೆ, ಹಾಡುಗಳನ್ನು ಆಮೇಲೆ ಕೇಳಿದೆ. ಎಡವಟ್ಟಾದದ್ದು ಇಲ್ಲೇ. ಕತೆ ತಲೆಯಲ್ಲಿ ಕೂತುಬಿಟ್ಟರೆ ಕಿವಿ ಕೆಲಸ ಮಾಡುವುದಿಲ್ಲ. ಮೆಗಾಡೆತ್‌ನಲ್ಲಿ ವೇಗದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಬಂದರೆ ಇವನು ಪೈಪೋಟಿಗೆ ಬಿದ್ದು ನುಡಿಸ್ತಿದ್ದಾನೆ ಅನ್ನಿಸುತ್ತಿತ್ತು. ನಿಧಾನದ ಹಾಡು ಬಂದರೆ ಮೆಟಾಲಿಕಾ ನೋಡಿ ಕಲಿತ ಅನ್ನಿಸುತ್ತಿತ್ತು. ಮಸ್ಟೇನ್ ಹಲ್ಲು ಕಚ್ಚಿಕೊಂಡು ಹಾಡಿದರೆ ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಳ್ಳುತ್ತಿದ್ದೆ. ಅವನು ಏನು ಮಾಡಿದರೂ ನನ್ನ ಬಳಿ ಉತ್ತರ ರೆಡಿ ಇತ್ತು. ಗೆಳೆಯ ಕೊಟ್ಟ ಮೆಗಾಡೆತ್‌ನ 'ರಸ್ಟ್ ಇನ್ ಪೀಸ್' ಕ್ಯಾಸೆಟ್ಟನ್ನು ಒಂದು ಬದಿ ಕೂಡ ಪೂರ್ತಿ ಕೇಳದೆ ವಾಪಸ್ ಕೊಟ್ಟೆ. 1990ರ ಆ ಆಲ್ಬಂ ಗಿಟಾರ್ ನುಡಿಸುವವರಿಗೆ ಒಂದು ಶಾಲೆ. ನನಗೆ ಅದು ಬೇಕಾಗಿದ್ದ ವಯಸ್ಸಿನಲ್ಲೇ ಬೇಡ ಅಂದೆ.

ಬೇಡ ಅಂದು ಸುಮ್ಮನಿದ್ದರೂ ಆಗುತ್ತಿತ್ತು. ಗೆಳೆಯ ಏನು ನುಡಿಸಿದರೂ ಮೆಗಾಡೆತ್ ತರಹ ಆಯ್ತು, ಬೇಡ ಅಂತ ತಡೆಯಲು ಶುರು ಮಾಡಿದೆ. ಅವನು ಸ್ವಂತವಾಗಿ ಕಟ್ಟಿದ ರಿಫ್‌ಗಳಿಗೂ ಇದೇ ಮಾತು. ಕೊನೆಗೆ ಅವನು ಬರುವುದನ್ನೇ ಬಿಟ್ಟ. ಜಗಳವೂ ಆಗಲಿಲ್ಲ. ನನ್ನ ರಿದಮ್ ಎಲ್ಲಿಗೆ ಹೋಗುತ್ತದೆ ಅಂತ ಹೇಳದೆಯೇ ಗೊತ್ತಾಗುತ್ತಿದ್ದ ಗಿಟಾರಿಸ್ಟ್ ಅವನು. ಅಂಥವರು ಮತ್ತೆ ಸಿಗಲಿಲ್ಲ. ಬ್ಯಾಂಡೂ ಉಳಿಯಲಿಲ್ಲ.

ಇದೆಲ್ಲ ಆಗಿ ಎಷ್ಟೋ ಕಾಲದ ಮೇಲೆ 'ಕಿಲ್ ಎಮ್ ಆಲ್' ಆಲ್ಬಂನ ಒಳಹಾಳೆ ಓದುತ್ತಿದ್ದೆ. 1983ರ ಜುಲೈನಲ್ಲಿ ಬಂದ ಮೆಟಾಲಿಕಾದ ಮೊದಲ ಆಲ್ಬಂ. ಹಾಡು ಬರೆದವರ ಹೆಸರು ಸಣ್ಣ ಅಕ್ಷರದಲ್ಲಿತ್ತು. 'ದ ಫೋರ್ ಹಾರ್ಸ್‌ಮೆನ್' ಪಕ್ಕದಲ್ಲಿ ಮಸ್ಟೇನ್. 'ಜಂಪ್ ಇನ್ ದ ಫೈರ್' ಪಕ್ಕದಲ್ಲಿ ಮಸ್ಟೇನ್. 'ಫ್ಯಾಂಟಮ್ ಲಾರ್ಡ್', 'ಮೆಟಲ್ ಮಿಲಿಷಿಯಾ', ಅಲ್ಲೂ ಮಸ್ಟೇನ್. 1984ರ 'ರೈಡ್ ದ ಲೈಟ್ನಿಂಗ್' ತೆಗೆದು ನೋಡಿದೆ. ಆಲ್ಬಂ ಹೆಸರಿನ ಹಾಡಿನಲ್ಲಿ ಅವನ ಹೆಸರಿದೆ, 'ದ ಕಾಲ್ ಆಫ್ ಕ್ಟೂಲೂ'ನಲ್ಲೂ ಇದೆ. ನಾನು ಮಸ್ಟೇನ್‌ನ ಹಾಡುಗಳನ್ನೇ ಇಟ್ಟುಕೊಂಡು ಮಸ್ಟೇನ್ ಮೇಲೆ ವಾದ ಮಾಡುತ್ತಿದ್ದೆ. ಯಾರು ಯಾರನ್ನು ನಕಲು ಮಾಡಿದರು ಅನ್ನುವ ಪ್ರಶ್ನೆಗೆ ಅಲ್ಲಿ ಅರ್ಥವೇ ಇರಲಿಲ್ಲ. ಎರಡೂ ಬ್ಯಾಂಡು ಒಂದೇ ಬೇರಿನಿಂದ ಬಂದವು.

ನೀವು ಮೊದಲು ಮಾಡಬೇಕಾದ್ದು ಒಂದು ಹಾಡನ್ನು ಎರಡು ಸಲ ಕೇಳುವುದು. 'ದ ಫೋರ್ ಹಾರ್ಸ್‌ಮೆನ್' ಹಾಕಿ. ಆಮೇಲೆ ಮೆಗಾಡೆತ್‌ನ 1985ರ ಮೊದಲ ಆಲ್ಬಂನಿಂದ 'ಮೆಕ್ಯಾನಿಕ್ಸ್' ಹಾಕಿ. ಎರಡರಲ್ಲೂ ರಿಫ್ ಒಂದೇ. ಮಸ್ಟೇನ್ ಮೆಟಾಲಿಕಾಗೆ ಬರುವಾಗ ಜೊತೆಗೆ ತಂದಿದ್ದ ಹಾಡು ಅದು. 1982ರ ಡೆಮೋದಲ್ಲಿ (ಆಲ್ಬಂಗೆ ಮುಂಚಿನ ಮಾದರಿ ರೆಕಾರ್ಡಿಂಗ್) ಮೆಟಾಲಿಕಾ ಅದನ್ನು ಹಳೆಯ ಹೆಸರಿನಲ್ಲೇ ನುಡಿಸಿತ್ತು. ಅವನು ಹೋದ ಮೇಲೆ ಅವರು ಸಾಹಿತ್ಯ ಬದಲಾಯಿಸಿದರು, ವೇಗ ಇಳಿಸಿದರು, ನಡುವೆ ಒಂದು ನಿಧಾನದ ಭಾಗ ಸೇರಿಸಿದರು. ಹಾಡು ಏಳು ನಿಮಿಷ ದಾಟಿತು. ಮಸ್ಟೇನ್ ಅದನ್ನೇ ಇನ್ನೂ ವೇಗ ಮಾಡಿ ನಾಲ್ಕೂವರೆ ನಿಮಿಷದೊಳಗೆ ಮುಗಿಸಿದ.

ನಡುವಿನ ಆ ಭಾಗಕ್ಕೆ ಸರಿಯಾಗಿ ಕಿವಿ ಕೊಡಿ. ಮೆಟಾಲಿಕಾದಲ್ಲಿ ಡ್ರಮ್ಸ್ ಸಡಿಲವಾಗುತ್ತದೆ, ಗಿಟಾರ್ ಕಾರ್ಡ್‌ಗಳು ತೆರೆದುಕೊಳ್ಳುತ್ತವೆ, ಅದರ ಮೇಲೆ ಹ್ಯಾಮೆಟ್‌ನ ಹಾಡಿನಂಥ ಸೋಲೋ ಬರುತ್ತದೆ. ಆಮೇಲೆ ಮೊದಲಿನ ರಿಫ್ ವಾಪಸ್ ಬಂದಾಗ ಅದು ಮೊದಲಿಗಿಂತ ದಪ್ಪವಾಗಿ ಕೇಳುತ್ತದೆ. ಉಸಿರಾಡಲು ಜಾಗ ಕೊಟ್ಟದ್ದರಿಂದ ಬಂದ ತೂಕ ಅದು. 'ಮೆಕ್ಯಾನಿಕ್ಸ್'ನಲ್ಲಿ ಆ ಜಾಗವೇ ಇಲ್ಲ. ಶುರುವಾದ ಕೂಡಲೇ ಕುತ್ತಿಗೆ ಪಟ್ಟಿ ಹಿಡಿದು ಎಳೆದುಕೊಂಡು ಹೋಗುತ್ತದೆ. ಎರಡು ಬ್ಯಾಂಡಿನ ಸ್ವಭಾವವೆಲ್ಲ ಈ ಒಂದು ಜೋಡಿಯಲ್ಲಿದೆ. ಮುಂದಿನ ಎಷ್ಟೋ ಆಲ್ಬಂಗಳಲ್ಲಿ ಅವರು ಮಾಡಿದ್ದು ಇದನ್ನೇ.

ಕೈಯಲ್ಲಿ ಗಿಟಾರ್ ಇದ್ದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಹೆಟ್‌ಫೀಲ್ಡ್‌ನ ಶಕ್ತಿ ಇರುವುದು ಬಲಗೈಯಲ್ಲಿ. 'ಮಾಸ್ಟರ್ ಆಫ್ ಪಪೆಟ್ಸ್' ರಿಫ್‌ನಲ್ಲಿ ಪಿಕ್ (ತಂತಿ ಮೀಟುವ ಚಿಪ್ಪು) ಕೆಳಕ್ಕೆ ಮಾತ್ರ ಹೊಡೆಯುತ್ತದೆ. ಮೇಲೆ-ಕೆಳಗೆ ಹೊಡೆದರೆ ಅದೇ ವೇಗ ಅರ್ಧ ಶ್ರಮದಲ್ಲಿ ಬರುತ್ತದೆ. ಆದರೆ ಸದ್ದು ಮೆತ್ತಗಾಗುತ್ತದೆ. ಪ್ರತಿ ಹೊಡೆತಕ್ಕೂ ಅದೇ ಭಾರ ಬೇಕು ಅಂತ ಅವನು ಕೆಳಕ್ಕೇ ಹೊಡೆಯುತ್ತಾನೆ. ಅಂಗೈ ಅಂಚನ್ನು ಬ್ರಿಜ್ (ಗಿಟಾರ್ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಹತ್ತಿರ ತಂತಿಗಳ ಮೇಲೆ ಒತ್ತಿ ಸದ್ದನ್ನು ಕತ್ತರಿಸುತ್ತಾನೆ. ಹಾಡು ಎಂಟು ನಿಮಿಷಕ್ಕೂ ಜಾಸ್ತಿ. ಅರ್ಧಕ್ಕೆ ಬರುವಷ್ಟರಲ್ಲಿ ನಮ್ಮ ಮುಂಗೈ ಕಲ್ಲಾಗಿರುತ್ತದೆ. ಅವನು ಜೊತೆಗೆ ಹಾಡುತ್ತಲೂ ಇರುತ್ತಾನೆ.

ಮಸ್ಟೇನ್ ಜಾಣತನ ಎಡಗೈಯಲ್ಲಿ. ಒಂದು ತಂತಿಯಿಂದ ಇನ್ನೊಂದಕ್ಕೆ ಪವರ್ ಕಾರ್ಡ್ (ಎರಡು ಸ್ವರದ ಗಟ್ಟಿ ಕಾರ್ಡ್) ಬದಲಾಯಿಸುವಾಗ ಎಲ್ಲರೂ ಇಡೀ ಕೈ ಸರಿಸುತ್ತಾರೆ. ಅವನು ಸರಿಸುವುದಿಲ್ಲ. ಒಂದು ಕಾರ್ಡ್ ತೋರುಬೆರಳು ಮತ್ತು ಉಂಗುರ ಬೆರಳಿಗೆ, ಮುಂದಿನದು ನಡುಬೆರಳು ಮತ್ತು ಕಿರುಬೆರಳಿಗೆ ಅಂತ ಹಂಚುತ್ತಾನೆ. ಇದಕ್ಕೆ ಸ್ಪೈಡರ್ ಕಾರ್ಡ್ ಅಂತ ಹೆಸರು. ತಂತಿ ಉಜ್ಜುವ ಸದ್ದು ಬರುವುದಿಲ್ಲ, ನಡುವೆ ಬಿಡುವೂ ಬೀಳುವುದಿಲ್ಲ. ನಾನು 'ಹೋಲಿ ವಾರ್ಸ್' ಕಲಿಯಲು ಕೂತಾಗಲೇ ಇದು ಎಷ್ಟು ಕಷ್ಟ ಅಂತ ತಿಳಿದದ್ದು. ಹೊಟ್ಟೆಯುರಿಯಿಂದ ಯಾರೂ ಹೀಗೆ ನುಡಿಸಲು ಆಗುವುದಿಲ್ಲ. ವರ್ಷಗಟ್ಟಲೆ ಕೂತು ಯೋಚಿಸಿ ಕಟ್ಟಿದ ಕೆಲಸ ಅದು.

ಸರಿ, ಇಷ್ಟು ಕೇಳಿದ ಮೇಲೆ ನನಗೂ ಅಭಿಪ್ರಾಯಗಳಿವೆ. ಮುಚ್ಚಿಡುವುದಿಲ್ಲ.

ಒಂದು ಆಲ್ಬಂ ಅಂತ ಕೇಳಿದರೆ 1986ರ 'ಮಾಸ್ಟರ್ ಆಫ್ ಪಪೆಟ್ಸ್' ಮೇಲೆ ಯಾವುದೂ ಇಲ್ಲ. ಎಂಟೇ ಹಾಡು, ಒಂದನ್ನೂ ತೆಗೆಯಲು ಆಗುವುದಿಲ್ಲ. ಬಾಸ್‌ನಲ್ಲಿ ಕ್ಲಿಫ್ ಬರ್ಟನ್ ಇದ್ದ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸ್ವೀಡನ್‌ನಲ್ಲಿ ಬ್ಯಾಂಡಿನ ಬಸ್ ಪಲ್ಟಿಯಾಗಿ ಅವನು ತೀರಿಕೊಂಡ. ಆಮೇಲಿನ ಮೆಟಾಲಿಕಾದಲ್ಲಿ ಆ ಥರದ ಸ್ವರಜೋಡಣೆ ನನಗೆ ಮತ್ತೆ ಸಿಗಲಿಲ್ಲ.

ಗಿಟಾರ್ ನುಡಿಸುವಿಕೆ ಅಂತ ಕೇಳಿದರೆ 'ರಸ್ಟ್ ಇನ್ ಪೀಸ್'. ಇಲ್ಲಿ ಮೆಟಾಲಿಕಾದ ಯಾವ ಆಲ್ಬಂ ಕೂಡ ಅದರ ಹತ್ತಿರ ಬರುವುದಿಲ್ಲ. ಮಾರ್ಟಿ ಫ್ರೀಡ್‌ಮನ್ ಸೇರಿದ ಮೊದಲ ಆಲ್ಬಂ ಅದು. 'ಟೊರ್ನೇಡೋ ಆಫ್ ಸೋಲ್ಸ್' ಸೋಲೋ ಕೇಳಿ. ರಾಕ್ ಗಿಟಾರಿಸ್ಟ್‌ಗಳು ಎಳೆಯುವ ಹಾಗೆ ಅವನು ತಂತಿ ಎಳೆಯುವುದಿಲ್ಲ. ಪಕ್ಕದ ಸ್ವರದಿಂದ ಹತ್ತಿ, ಒಂದು ಕ್ಷಣ ತಡೆದು, ಆಮೇಲೆ ಸ್ವರಕ್ಕೆ ಇಳಿಯುತ್ತಾನೆ. ಇನ್ನೊಂದು ಹಾಡು 'ಹ್ಯಾಂಗರ್ 18'. ಅದರ ಎರಡನೇ ಅರ್ಧದಲ್ಲಿ ಮಾತೇ ಇಲ್ಲ. ಫ್ರೀಡ್‌ಮನ್ ಮತ್ತು ಮಸ್ಟೇನ್ ಸರದಿ ಮೇಲೆ ಸೋಲೋ ನುಡಿಸುತ್ತಾರೆ. ಯಾವುದು ಯಾರದ್ದು ಅಂತ ಗುರುತಿಸಲು ಬಂದ ದಿನ ನಿಮ್ಮ ಕಿವಿ ತಯಾರಾಯಿತು ಅಂತ ತಿಳಿಯಿರಿ.

ಡ್ರಮ್ಸ್‌ನಲ್ಲಿ ಮೆಗಾಡೆತ್ ಮೇಲು. ಮೊದಲ ಎರಡು ಆಲ್ಬಂನ ಗಾರ್ ಸ್ಯಾಮುಯೆಲ್‌ಸನ್ ಜಾಝ್ ಹಿನ್ನೆಲೆಯವನು, ಆ ಲಯದ ನಯ ಕೇಳಿಸುತ್ತದೆ. 'ರಸ್ಟ್ ಇನ್ ಪೀಸ್'ನ ನಿಕ್ ಮೆಂಝಾ ಇನ್ನೂ ಖಚಿತ. ಹಾಗಂತ ಲಾರ್ಸ್‌ನನ್ನು ಹೀಗಳೆಯುವವರ ಜೊತೆ ನಾನಿಲ್ಲ. ಹಾಡಿಗೆ ಆಕಾರ ಕೊಡುವುದರಲ್ಲಿ ಅವನಿಗೆ ದೊಡ್ಡ ಪಾಲಿದೆ. ಹಾಡುಗಾರಿಕೆಯಲ್ಲಿ ಹೆಟ್‌ಫೀಲ್ಡ್ ಸುಲಭವಾಗಿ ಮುಂದೆ.

ಈ ಎರಡು ಬ್ಯಾಂಡಿನವರು ಒಬ್ಬರ ದಾರಿಗೆ ಇನ್ನೊಬ್ಬರು ಬಂದದ್ದನ್ನು ಅಭಿಮಾನಿಗಳು ಗಮನಿಸುವುದೇ ಇಲ್ಲ. ನನಗೆ ಅದೇ ಜಾಸ್ತಿ ಇಷ್ಟ. 1988ರ 'ಆಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಮೆಟಾಲಿಕಾ ಹೆಚ್ಚುಕಡಿಮೆ ಹತ್ತು ನಿಮಿಷದ ಹಾಡುಗಳನ್ನು ಮಾಡಿತು. ತಿರುವುಗಳೇ ತಿರುವುಗಳು, ಮೆಗಾಡೆತ್ ಕೇಳಿದ ಹಾಗೇ ಇದೆ. ಹೊಸದಾಗಿ ಬಂದ ಜೇಸನ್ ನ್ಯೂಸ್ಟೆಡ್‌ನ ಬಾಸ್ ಮಾತ್ರ ಮಿಕ್ಸಿಂಗ್‌ನಲ್ಲಿ ಕೇಳುವುದೇ ಇಲ್ಲ, ಅದು ಅನ್ಯಾಯ. 1991ರಲ್ಲಿ ಅವರು ನಿರ್ಮಾಪಕ ಬಾಬ್ ರಾಕ್ ಜೊತೆ ಸೇರಿ ಎಲ್ಲ ಸರಳ ಮಾಡಿದರು. ಕಪ್ಪು ಹೊದಿಕೆಯಿಂದ ಕಪ್ಪು ಆಲ್ಬಂ ಅಂತಲೇ ಕರೆಯುವ ಆ ಆಲ್ಬಂ ಅಮೆರಿಕ ಒಂದರಲ್ಲೇ 1.6 ಕೋಟಿಗೂ ಹೆಚ್ಚು ಮಾರಿತು. ಮರುವರ್ಷ ಮೆಗಾಡೆತ್ ಕೂಡ 'ಕೌಂಟ್‌ಡೌನ್ ಟು ಎಕ್ಸ್‌ಟಿಂಕ್ಷನ್'ನಲ್ಲಿ ಹಾಡುಗಳನ್ನು ಚಿಕ್ಕದಾಗಿಸಿತು. ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. ಎರಡೂ ಒಳ್ಳೆಯ ಆಲ್ಬಂಗಳು.

ಮೆಟಾಲಿಕಾಗೆ ಎರಡನೆಯವನಾಗಿ ಉಳಿದದ್ದು ಮಸ್ಟೇನ್‌ನನ್ನು ಎಷ್ಟು ಕಾಡಿತು ಅಂತ ಮೆಟಾಲಿಕಾದ 2004ರ ಸಾಕ್ಷ್ಯಚಿತ್ರದಲ್ಲಿ ನೋಡಬಹುದು. ಲಾರ್ಸ್ ಎದುರು ಕೂತು ಅವನು ಆ ನೋವು ಹೇಳಿಕೊಳ್ಳುತ್ತಾನೆ. ನನಗೆ ನೋಡಲು ಕಷ್ಟವಾಯಿತು. ನಾನು ನನ್ನ ಗೆಳೆಯನಿಗೆ ಅಂದಿದ್ದ ಮಾತನ್ನು ಜಗತ್ತೆಲ್ಲ ಸೇರಿ ಒಬ್ಬ ಮನುಷ್ಯನಿಗೆ ಇಪ್ಪತ್ತು ವರ್ಷ ಅಂದಿತ್ತು. 2002ರಲ್ಲಿ ಅವನ ಎಡಗೈ ನರಕ್ಕೆ ಪೆಟ್ಟಾಗಿ ಗಿಟಾರ್ ಹಿಡಿಯಲಾಗದೆ ಬ್ಯಾಂಡ್ ನಿಂತಿತ್ತು. ಮೊದಲಿನಿಂದ ಕಲಿತು 2004ರಲ್ಲಿ ಹೊಸ ಆಲ್ಬಂ ತಂದ.

ಅವರ ಜಗಳ ಮುಗಿದಿದೆ. ಅದನ್ನು ಮುಂದುವರಿಸುತ್ತಿರುವವರು ಅಭಿಮಾನಿಗಳು ಮಾತ್ರ. 2010ರ ಜೂನ್‌ನಲ್ಲಿ ಪೋಲೆಂಡ್‌ನ ವಾರ್ಸಾದಲ್ಲಿ ಮೆಟಾಲಿಕಾ, ಮೆಗಾಡೆತ್, ಜೊತೆಗೆ ಇನ್ನೆರಡು ದೊಡ್ಡ ಮೆಟಲ್ ಬ್ಯಾಂಡುಗಳಾದ ಸ್ಲೇಯರ್, ಆಂಥ್ರಾಕ್ಸ್ ಮೊದಲ ಬಾರಿಗೆ ಒಂದೇ ವೇದಿಕೆಯಲ್ಲಿ ಕಾರ್ಯಕ್ರಮ ಕೊಟ್ಟವು. ಕೆಲವೇ ದಿನಗಳಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ನಾಲ್ಕೂ ಬ್ಯಾಂಡಿನ ಸದಸ್ಯರು ಒಟ್ಟಿಗೆ ಸೇರಿ ಡೈಮಂಡ್ ಹೆಡ್ ಬ್ಯಾಂಡಿನ ಒಂದು ಹಳೆಯ ಹಾಡು ನುಡಿಸಿದರು. ಅದರ ವೀಡಿಯೊದಲ್ಲಿ ಹೆಟ್‌ಫೀಲ್ಡ್ ಮತ್ತು ಮಸ್ಟೇನ್ ತಬ್ಬಿಕೊಳ್ಳುವುದು ಕಾಣುತ್ತದೆ. 2011ರ ಡಿಸೆಂಬರ್‌ನಲ್ಲಿ ಮೆಟಾಲಿಕಾದ ಮೂವತ್ತನೇ ವರ್ಷದ ಕಾರ್ಯಕ್ರಮಕ್ಕೆ ಸ್ಯಾನ್ ಫ್ರಾನ್ಸಿಸ್ಕೋಗೆ ಮಸ್ಟೇನ್ ಬಂದು ಮೊದಲ ಆಲ್ಬಂನ ಹಾಡುಗಳನ್ನು ಅವರ ಜೊತೆಗೇ ನುಡಿಸಿದ. ಹಾಗಿರುವಾಗ ನಿಮ್ಮ ಗೆಳೆಯರ ಗುಂಪು ಯಾಕೆ ಎರಡಾಗಬೇಕು?

ಆದ್ದರಿಂದ ವರ್ಷದ ಪ್ರಕಾರ ಕೇಳುತ್ತಾ ಹೋಗಿ, ಒಂದು ಇದು, ಒಂದು ಅದು. 'ಕಿಲ್ ಎಮ್ ಆಲ್', ಮೆಗಾಡೆತ್‌ನ ಮೊದಲನೆಯದು, 'ಮಾಸ್ಟರ್ ಆಫ್ ಪಪೆಟ್ಸ್', ಅದೇ ವರ್ಷದ 'ಪೀಸ್ ಸೆಲ್ಸ್', 'ಜಸ್ಟಿಸ್', 'ರಸ್ಟ್ ಇನ್ ಪೀಸ್', ಆಮೇಲೆ ಕಪ್ಪು ಆಲ್ಬಂ ಮತ್ತು 'ಕೌಂಟ್‌ಡೌನ್'. ಮೆಗಾಡೆತ್‌ನ 1999ರ 'ರಿಸ್ಕ್', ಮೆಟಾಲಿಕಾದ 2003ರ 'ಸೇಂಟ್ ಆಂಗರ್' ಸದ್ಯಕ್ಕೆ ಬೇಡ. ಯಾರು ಯಾರಿಗೆ ಏನು ಮಾಡಿದರು ಅಂತ ಹೇಳುವ ವೀಡಿಯೊಗಳನ್ನೂ ಆಲ್ಬಂಗಳು ಮುಗಿಯುವವರೆಗೆ ನೋಡಬೇಡಿ. ಸಾಧ್ಯವಾದರೆ ಬೇರೆ ಕಡೆಯ ಗೆಳೆಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಅವರಿಗೆ ಯಾವ ಜಾಗದಲ್ಲಿ ಮೈ ಜುಮ್ ಅನ್ನುತ್ತದೆ ಅಂತ ಕೇಳಿ ತಿಳಿದುಕೊಳ್ಳಿ. ನಾನು ನನ್ನ ಗೆಳೆಯನನ್ನು ಅದೊಂದು ಪ್ರಶ್ನೆ ಕೇಳಿದ್ದರೆ ಸಾಕಾಗಿತ್ತು.

ಇನ್ನೊಂದು. ತನ್ನ ಮುಂದಿನ ಆಲ್ಬಂ ಕೊನೆಯದು ಅಂತ ಮೆಗಾಡೆತ್ 2025ರಲ್ಲಿ ಹೇಳಿತು. ಅದರ ಜೊತೆ ಮಸ್ಟೇನ್ ತಾನು ಪಾಲು ಹಾಕಿದ್ದ 'ರೈಡ್ ದ ಲೈಟ್ನಿಂಗ್' ಹಾಡನ್ನು ತನ್ನ ಬ್ಯಾಂಡಿನೊಂದಿಗೆ ನುಡಿಸಿದ್ದಾನೆ. ಮೊದಲು 1984ರದ್ದನ್ನು ಕೇಳಿ, ಆಮೇಲೆ ಇದನ್ನು ಕೇಳಿ. ನಿಮಗೆ ಏನನ್ನಿಸಿತು ಅಂತ ಇಲ್ಲೇ ಕೆಳಗೆ ಬರೆಯಿರಿ, ಓದುತ್ತೀನಿ.