ಕರು ಕುಡಿದದ್ದು ಎಷ್ಟು ಗಂಟೆಗೆ?

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ಗಿಣ್ಣು ಹಾಲಿನ ಬಗ್ಗೆ ನೀವು ಮತ್ತೆ ಮತ್ತೆ ಬರೆಯುತ್ತೀರಿ. ಗಡಿಯಾರ ನೋಡಿ, ಅಳತೆ ಮಾಡಿ, ಬಾಟಲಿ ಹಿಡಿಯಿರಿ ಅನ್ನುತ್ತೀರಿ. ಕಾಡಿನಲ್ಲಿ ಜಿಂಕೆ ಮರಿಗೆ ಯಾರು ಬಾಟಲಿ ಹಿಡಿಯುತ್ತಾರೆ? ಹೋದ ತಿಂಗಳು ನಮ್ಮ ಹಸು ರಾತ್ರಿ 11ಕ್ಕೆ ಕರು ಹಾಕಿತು. ಮಾಸು ಬೀಳಲಿ, ಆಮೇಲೆ ಕುಡಿಸಿದರಾಯಿತು ಎಂದು ಮನೆಯ ಹಿರಿಯರು ಹೇಳಿದರು. ಕರುವನ್ನು ಬೇರೆ ಕಟ್ಟಿ ಮಲಗಿದೆವು. ಬೆಳಿಗ್ಗೆ 8ಕ್ಕೆ ಹಾಲು ಕರೆದು ಒಂದು ಲೀಟರು ಕುಡಿಸಿದೆವು. ಜಾಸ್ತಿ ಕೊಟ್ಟರೆ ಭೇದಿ ಆಗುತ್ತದೆ ಎಂದು ಅಷ್ಟಕ್ಕೇ ನಿಲ್ಲಿಸಿದೆವು. ಕರು ಚೆನ್ನಾಗಿಯೇ ಕುಡಿಯಿತು. ಆದರೂ ಒಂಬತ್ತನೇ ದಿನ ಭೇದಿ ಶುರುವಾಯಿತು. ಔಷಧಿ ಕೊಡಿಸಿದರೂ ಹನ್ನೊಂದನೇ ದಿನ ಸತ್ತುಹೋಯಿತು. ಗಿಣ್ಣು ಹಾಲು ಕುಡಿದ ಕರು ಯಾಕೆ ಸತ್ತಿತು, ಹೇಳಿ. ಇನ್ನೊಂದು ಹಸು ಮುಂದಿನ ತಿಂಗಳು ಕರು ಹಾಕಲಿದೆ.
— ಒಬ್ಬ ಓದುಗ

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಓದಿದಾಗ ಸ್ವಲ್ಪ ಸಿಟ್ಟು ಬಂತು, ಮುಚ್ಚಿಡುವುದಿಲ್ಲ. ಎರಡನೇ ಸಲ ಆ ಕರು ಕಣ್ಣ ಮುಂದೆ ಬಂದು ನಿಂತಿತು. ಮೂರನೇ ಸಲ ಓದುವಾಗ ನಿಮ್ಮ ಮೇಲೆ ಗೌರವ ಹುಟ್ಟಿತು. ಕರು ಹುಟ್ಟಿದ ಗಂಟೆ, ಕುಡಿದ ಗಂಟೆ, ಎಷ್ಟು ಲೀಟರು, ಎಲ್ಲವನ್ನೂ ಬರೆದಿದ್ದೀರಿ. ನನಗೆ ಬರುವ ಪತ್ರಗಳಲ್ಲಿ ಈ ಮೂರೂ ಒಟ್ಟಿಗೆ ಇರುವುದು ಬಹಳ ಅಪರೂಪ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದೂ ಆ ಲೆಕ್ಕದಲ್ಲೇ.

ಮೊದಲು ಜಿಂಕೆಯ ವಿಷಯ. ನೀವು ಹೇಳುವುದು ನಿಜ. ಕಾಡಿನಲ್ಲಿ ಯಾರೂ ಬಾಟಲಿ ಹಿಡಿಯುವುದಿಲ್ಲ. ತಾಯಿ ಮರಿಯನ್ನು ನೆಕ್ಕುತ್ತದೆ, ಮರಿ ತೂರಾಡುತ್ತಾ ಏಳುತ್ತದೆ, ಕೆಚ್ಚಲು ಹುಡುಕಿ ಬಾಯಿ ಹಾಕುತ್ತದೆ. ಇದಕ್ಕಿಂತ ಒಳ್ಳೆಯ ಏರ್ಪಾಡು ಯಾರಿಂದಲೂ ಆಗುವುದಿಲ್ಲ. ಆದರೆ ಆ ಜಿಂಕೆ ಮಾಸು ಬೀಳಲಿ ಎಂದು ಮರಿಯನ್ನು ಕಾಯಿಸುತ್ತದೆಯೇ? ಮರಿಯನ್ನು ಬೇರೆ ಕಡೆ ಕಟ್ಟುತ್ತದೆಯೇ? ನಿಮ್ಮ ಕರುವನ್ನು ಪ್ರಕೃತಿಗೆ ಬಿಟ್ಟಿದ್ದರೆ ಅದು ರಾತ್ರಿ 12ರೊಳಗೆ ಕೆಚ್ಚಲಿನ ಹತ್ತಿರ ಇರುತ್ತಿತ್ತು. ಅದನ್ನು ಬೆಳಗಿನ ತನಕ ತಡೆದದ್ದು ಒಂದು ಹಗ್ಗ. ಈ ಮಾತು ಒರಟು ಅನ್ನಿಸಬಹುದು, ಕ್ಷಮಿಸಿ.

ಮಾಸಿನ ಕಾರಣ ಕೊಟ್ಟು ಕಾಯುವುದು ತಲೆಕೆಳಗಾದ ಲೆಕ್ಕ. ಕರು ಮೊಲೆ ಚೀಪಿದಾಗ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಬರುತ್ತದೆ. ಹಸು ಸೊರ ಬಿಡುವುದು, ಅಂದರೆ ಮೊಲೆಗೆ ಹಾಲು ಇಳಿಸುವುದು, ಅದರಿಂದ. ಗರ್ಭಕೋಶ ಹಿಂಡಿಕೊಳ್ಳುವುದೂ ಅದರಿಂದಲೇ. ಮಾಸು ಬೀಳಲು ಕೆಲವೊಮ್ಮೆ ಹನ್ನೆರಡು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಕಾಯುವ ಶಕ್ತಿ ತಾಯಿಗೆ ಇದೆ, ಕರುವಿಗೆ ಇಲ್ಲ.

ಯಾಕೆ ಇಲ್ಲ ಅಂದರೆ, ಕರು ಬರಿಗೈಯಲ್ಲಿ ಹುಟ್ಟುತ್ತದೆ. ಮನುಷ್ಯರ ಕೂಸಿಗೆ ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು, ಅಂದರೆ ರೋಗಾಣುಗಳನ್ನು ಎದುರಿಸುವ ಪ್ರೋಟೀನುಗಳು, ಹೊಟ್ಟೆಯಲ್ಲಿದ್ದಾಗಲೇ ಸಿಗುತ್ತವೆ. ಹಸು, ಎಮ್ಮೆ, ಕುರಿ, ಆಡು, ಹಂದಿ, ಕುದುರೆಗಳಲ್ಲಿ ಹಾಗಿಲ್ಲ. ಅವುಗಳ ಮಾಸಿನಲ್ಲಿ ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಪದರಗಳು ಜಾಸ್ತಿ. ಪ್ರತಿಕಾಯ ಅವನ್ನು ದಾಟುವುದಿಲ್ಲ. ಹಾಗಾಗಿ ಹೆರಿಗೆಗೆ ಸುಮಾರು ಐದು ವಾರ ಮೊದಲೇ ತಾಯಿ ತನ್ನ ರಕ್ತದಿಂದ ಅವನ್ನು ಕೆಚ್ಚಲಿಗೆ ಇಳಿಸಲು ಶುರುಮಾಡುತ್ತದೆ. ತಾನು ಗೆದ್ದ ರೋಗಗಳ ನೆನಪನ್ನೆಲ್ಲ ಆ ದಪ್ಪ ಹಳದಿ ಹಾಲಿನಲ್ಲಿ ಕೂಡಿಡುತ್ತದೆ. ಮಾಮೂಲಿ ಹಾಲಿನಲ್ಲಿ ಪ್ರೋಟೀನು ನೂರಕ್ಕೆ 3ರಷ್ಟಿದ್ದರೆ ಮೊದಲ ಗಿಣ್ಣು ಹಾಲಿನಲ್ಲಿ ಸುಮಾರು 14ರಷ್ಟು ಇರುತ್ತದೆ.

ಇನ್ನು ಕುಡಿಯುವವರ ಕಡೆ. ಬೇರೆ ಯಾವ ವಯಸ್ಸಿನಲ್ಲಾದರೂ ಇಷ್ಟು ಪ್ರೋಟೀನು ಕೊಟ್ಟರೆ ಹೊಟ್ಟೆ ಅದನ್ನು ಒಡೆದು ಜೀರ್ಣಿಸುತ್ತದೆ. ಹೊಸದಾಗಿ ಹುಟ್ಟಿದ ಕರುವಿನ ಕರುಳು ಮಾತ್ರ ಪ್ರತಿಕಾಯಗಳನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಆ ಬಾಗಿಲು ಮೊದಲ ನಾಲ್ಕಾರು ಗಂಟೆ ಅಗಲವಾಗಿ ತೆರೆದಿರುತ್ತದೆ. 12 ಗಂಟೆಯ ಹೊತ್ತಿಗೆ ಕಿರಿದಾಗುತ್ತದೆ. 24 ಗಂಟೆಗೆ ಮುಚ್ಚಿಹೋಗುತ್ತದೆ. ಆಮೇಲೆ ಎಷ್ಟು ಕುಡಿಸಿದರೂ ಅದು ಹೊಟ್ಟೆಗೆ ಆಹಾರ, ಕರುಳಿನ ಒಳಮೈಗೆ ಒಂದಿಷ್ಟು ಕಾವಲು. ರಕ್ತಕ್ಕೆ ಸೇರುವುದಿಲ್ಲ.

ಈಗ ನಿಮ್ಮ ಲೆಕ್ಕ ನೋಡಿ. 11ಕ್ಕೆ ಹುಟ್ಟಿತು, 8ಕ್ಕೆ ಕುಡಿಯಿತು. ಒಂಬತ್ತು ಗಂಟೆ ಹೋಯಿತು. ಆ ಒಂಬತ್ತು ಗಂಟೆಯಲ್ಲಿ ಕೆಚ್ಚಲಿಗೆ ಹೊಸ ಹಾಲು ಇಳಿದು ಗಿಣ್ಣು ತೆಳುವಾಯಿತು. ಬಾಗಿಲು ಅರ್ಧ ಮುಚ್ಚಿದ ಮೇಲೆ ತೆಳುವಾದ ಹಾಲು ಬಂತು, ಅದೂ ಒಂದೇ ಲೀಟರು. 30 ಕೆ.ಜಿ. ತೂಗುವ ಕರುವಿಗೆ ಮೊದಲ ಕೆಲವು ಗಂಟೆಗಳಲ್ಲೇ ತೂಕದ ಹತ್ತನೇ ಒಂದು ಪಾಲು, ಅಂದರೆ 3 ಲೀಟರು ಬೇಕು. ಹನ್ನೆರಡು ಗಂಟೆಯೊಳಗೆ ಇನ್ನೊಮ್ಮೆ ಬೇಕು. ಗಿಣ್ಣು ಕುಡಿದ ಕರು ಅಂಟಂಟಾದ ಹಳದಿ ಸಗಣಿ ಹಾಕುತ್ತದೆ. ಅದು ಭೇದಿ ಅಲ್ಲ, ಗರ್ಭದಲ್ಲಿದ್ದಾಗಿನ ಕಲ್ಮಶ ಹೊರಗೆ ಹೋಗುವ ಬಗೆ. ಅದನ್ನು ಕಂಡು ಹೆದರಿ ಹಾಲು ಕಡಿಮೆ ಮಾಡುವವರು ನೀವೊಬ್ಬರೇ ಅಲ್ಲ. ಕರು ತನ್ನದೇ ಪ್ರತಿಕಾಯಗಳನ್ನು ಸಾಕಷ್ಟು ಮಾಡಿಕೊಳ್ಳಲು ವಾರಗಳೇ ಬೇಕು. ಒಂಬತ್ತನೇ ದಿನ ರೋಗ ಬಂದಾಗ ತಾಯಿ ಕೊಟ್ಟ ಗಂಟು ಅದರ ಹತ್ತಿರ ಇರಲಿಲ್ಲ. ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಔಷಧಿ ಸೋತದ್ದಕ್ಕೆ ನನಗೆ ಆಶ್ಚರ್ಯವಿಲ್ಲ.

ಇದು ಹಳೆಯ ತಿಳಿವಳಿಕೆ. 1892ರಲ್ಲಿ ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಚ್ ಇಲಿಗಳ ಮೇಲೆ ಪ್ರಯೋಗ ಮಾಡಿದರು. ಹರಳು, ಗುಲಗಂಜಿಯಂಥ ಬೀಜಗಳ ವಿಷಕ್ಕೆ ಬಗ್ಗದಂತೆ ತಾಯಿ ಇಲಿಗಳನ್ನು ತಯಾರು ಮಾಡಿದರು. ಬೇರೆ ಇಲಿಯ ಮರಿಗಳನ್ನು ಆ ತಾಯಿಯ ಹಾಲಿಗೆ ಬಿಟ್ಟರು. ಹೆತ್ತ ತಾಯಿಯಲ್ಲದಿದ್ದರೂ ಹಾಲಿನ ಮೂಲಕ ಮರಿಗಳಿಗೆ ಆ ಬಲ ಬಂತು. ಎರ್ಲಿಚ್‌ಗೆ 1908ರಲ್ಲಿ ನೊಬೆಲ್ ಬಂತು. 1922ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಥಿಯೋಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟಲ್ ಕರುಗಳ ಮೇಲೇ ಇದನ್ನು ನೋಡಿದರು. ಗಿಣ್ಣು ಸಿಗದ ಕರುಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಸತ್ತವು. ಗಿಣ್ಣು ಕುಡಿದವು ಉಳಿದವು. ನೂರು ವರ್ಷ ದಾಟಿತು. ಇನ್ನೂ ನಾವು ಕರುವನ್ನು ಬೆಳಗಿನ ತನಕ ಕಟ್ಟಿ ಹಾಕುತ್ತಿದ್ದೇವೆ ಅಂದರೆ ಬೇಸರ ಆಗುತ್ತದೆ, ಅಲ್ವಾ?

ನಾನೂ ಇದನ್ನು ಕಲಿತದ್ದು ಒಂದು ಸಾವಿನಿಂದಲೇ. ಆಗಿನ್ನೂ ಹುಡುಗ. ನಾನು ನೋಡಿಕೊಳ್ಳುತ್ತಿದ್ದ ಒಂದು ಆಡು ಮೂರು ಮರಿ ಹಾಕಿತು. ಮೂರನೆಯದು ಅಂಗೈಯಗಲ. ಅದು ತಾಯಿಯ ಹೊಟ್ಟೆಯ ಕೆಳಗೆ ನಿಂತು ಬಾಲ ಅಲ್ಲಾಡಿಸುತ್ತಿತ್ತು. ಕುಡಿಯುತ್ತಿದೆ ಅಂದುಕೊಂಡೆ. ಉಳಿದ ಎರಡು ಅದನ್ನು ತಳ್ಳುತ್ತಲೇ ಇದ್ದವು, ಅದು ಬರೀ ತೊಡೆಯ ಕೂದಲು ಚೀಪುತ್ತಿತ್ತು. ಮಾರನೇ ದಿನ ಮುದುಡಿ ಕೂತಿತು, ಸಂಜೆಗೆ ಇಲ್ಲ. ಆಡು ಸಾಕಿ ತಲೆ ನರೆತ ಅಜ್ಜಿಯೊಬ್ಬರು ಆ ದಿನ ನನ್ನ ಬೆರಳು ಹಿಡಿದು ಉಳಿದ ಮರಿಗಳ ಬಾಯೊಳಗೆ ಇಡಿಸಿದರು. ಬಿಸಿ ಇತ್ತು. ಸತ್ತ ಮರಿಯ ಬಾಯಿ ನಿನ್ನೆಯೇ ತಣ್ಣಗಿರುತ್ತಿತ್ತು, ನೀನು ಬಾಲ ನೋಡಿದೆ, ಬಾಯಿ ಮುಟ್ಟಲಿಲ್ಲ, ಹೊಟ್ಟೆ ಮುಟ್ಟಲಿಲ್ಲ ಅಂದರು. ಇವತ್ತಿಗೂ ಯಾವ ಮರಿಯನ್ನು ನೋಡಿದರೂ ನನ್ನ ಬೆರಳು ಮೊದಲು ಬಾಯಿಗೇ ಹೋಗುತ್ತದೆ.

ಆ ಮರಿ ರೋಗದಿಂದ ಸಾಯಲಿಲ್ಲ, ಚಳಿಯಿಂದ ಸತ್ತಿತು. ಗಿಣ್ಣು ಹಾಲು ಬರೀ ಪ್ರತಿಕಾಯ ಅಲ್ಲ, ಮೊದಲ ಸೌದೆಯೂ ಅದೇ. ಒದ್ದೆ ಮೈಯಲ್ಲಿ ಹೊರಬಂದ ಮರಿಗೆ ಮೈ ಕಾಯಿಸಿಕೊಳ್ಳಲು ಒಳಗಿರುವ ದಾಸ್ತಾನು ಬಹಳ ಸ್ವಲ್ಪ. ಕುರಿ, ಆಡಿನ ಮರಿಗೆ ಮೈ ಕಾಯಿಸುವ ಕಂದು ಕೊಬ್ಬಾದರೂ ಒಂದಿಷ್ಟು ಇರುತ್ತದೆ. ಹಂದಿ ಮರಿಗೆ ಅದೂ ಇಲ್ಲವೆನ್ನಬಹುದು. ಅದಕ್ಕೆ ಮೊದಲ ದಿನದಲ್ಲೇ ಸುಮಾರು 200 ಗ್ರಾಂ ಗಿಣ್ಣು ಸಿಗಬೇಕು. ಬೆಕ್ಕಿನ ಮರಿಯ ಕರುಳಿನ ಬಾಗಿಲಂತೂ ಸುಮಾರು 16 ಗಂಟೆಗೇ ಮುಚ್ಚುತ್ತದೆ. ಎ, ಇ ಜೀವಸತ್ವಗಳೂ ಕರುವಿಗೆ ಹೆಚ್ಚಾಗಿ ಬರುವುದು ಗಿಣ್ಣಿನಿಂದಲೇ.

ಒಂದು ಅಪವಾದ ಇದೆ, ಹೇಳಿಬಿಡುತ್ತೇನೆ. ಕೆಲವು ಕುದುರೆ ಮರಿ, ಹೇಸರಗತ್ತೆ ಮರಿಗಳ ರಕ್ತಕಣಗಳನ್ನೇ ತಾಯಿಯ ಗಿಣ್ಣು ಒಡೆದುಹಾಕುತ್ತದೆ. ಆಗ ಆ ತಾಯಿಯ ಹಾಲನ್ನು ಒಂದೆರಡು ದಿನ ತಡೆಯಲೇಬೇಕು. ಅಲ್ಲಿಯೂ ಮರಿಯನ್ನು ಸುಮ್ನೆ ಬಿಡುವುದಿಲ್ಲ, ಬೇರೆ ಕುದುರೆಯ ಗಿಣ್ಣು ತಂದು ಕುಡಿಸುತ್ತಾರೆ.

ಮತ್ತೆ ನಿಮ್ಮ ಜಿಂಕೆಗೆ ಬರುತ್ತೇನೆ, ಅದು ನನ್ನನ್ನು ಬಿಡುತ್ತಿಲ್ಲ. ಕರುವಿನ ಮೂತಿ ಹುಟ್ಟುಬುದ್ಧಿಯಿಂದ ಮೇಲಕ್ಕೆ ಹುಡುಕುತ್ತದೆ, ಕಾಲು ಹೊಟ್ಟೆಗೆ ಸೇರುವ ಸಂದಿಯಲ್ಲಿ. ಜಿಂಕೆಯ ಕೆಚ್ಚಲು ಇರುವುದು ಅಲ್ಲೇ. ನಾವು ಜಾಸ್ತಿ ಹಾಲಿಗಾಗಿ ತಳಿ ಆರಿಸುತ್ತಾ ಬಂದೆವು. ಹಸುವಿನ ಕೆಚ್ಚಲು ದೊಡ್ಡದಾಯಿತು, ವಯಸ್ಸಾದಂತೆ ಮೊಣಕಾಲಿನ ತನಕ ಇಳಿಯಿತು. ಪಾಪ, ಕರು ಮೇಲೆ ಹುಡುಕುತ್ತಲೇ ಇರುತ್ತದೆ. ಮೊಲೆ ಕೆಳಗೆ ಇರುತ್ತದೆ. ಜೊತೆಗೆ ಜಿಂಕೆ ಮರಿ ಹುಟ್ಟುವುದು ಹುಲ್ಲಿನ ಮೇಲೆ, ಕರು ಹುಟ್ಟುವುದು ಹತ್ತು ದನಗಳ ಸಗಣಿಯ ನಡುವೆ. ತೆರೆದ ಕರುಳಿಗೆ ಗಿಣ್ಣು ಮೊದಲು ಹೋಗುತ್ತದೋ ಸಗಣಿಯ ರೋಗಾಣು ಮೊದಲು ಹೋಗುತ್ತದೋ ಎಂಬ ಓಟ ಅದು. ಹಸುವನ್ನು ಇಷ್ಟು ಬದಲಾಯಿಸಿದವರು ನಾವು. ಹಾಗಾಗಿ ಬಾಟಲಿ ಹಿಡಿಯಬೇಕಾದವರೂ ನಾವೇ.

ಇನ್ನೊಂದು ನೋವು ಹೇಳಿಕೊಳ್ಳುತ್ತೇನೆ. ಎಷ್ಟೋ ಕೊಟ್ಟಿಗೆಗಳ ಪುಸ್ತಕ ನೋಡಿದ್ದೇನೆ. ಹಾಲಿನ ಲೆಕ್ಕ ಇರುತ್ತದೆ, ಗಬ್ಬ ಕಟ್ಟಿದ ತಾರೀಖು ಇರುತ್ತದೆ, ಮೇವಿನ ಲೆಕ್ಕ ಇರುತ್ತದೆ. ಕರು ಮೊದಲು ಕುಡಿದ ಹೊತ್ತಿಗೆ ಒಂದು ಕಾಲಂ ಇರುವುದಿಲ್ಲ. ಬಹುಮಾನ ಸಿಗುವುದು ಜಾಸ್ತಿ ಹಾಲು ಕೊಟ್ಟ ಹಸುವಿಗೆ. ಹುಟ್ಟಿದ ಕರುಗಳನ್ನೆಲ್ಲ ಉಳಿಸಿಕೊಂಡವರಿಗೆ ಬಹುಮಾನ ಕೊಟ್ಟದ್ದನ್ನು ನಾನು ಕಂಡಿಲ್ಲ. ಭೇದಿ ಬಂದ ಮೇಲೆ ಇಂಜೆಕ್ಷನ್‌ಗೆ ಖರ್ಚು ಮಾಡುತ್ತೇವೆ, ಮೊದಲ ಎರಡು ಗಂಟೆಗೆ ಒಂದು ಬಾಟಲಿ ತೆಗೆದಿಡುವುದಿಲ್ಲ. ಹುಟ್ಟಿದ್ದು ಗಂಡುಗರು ಆದರೆ ಇನ್ನೂ ಕೇಳುವವರಿಲ್ಲ. ಆ ಕಡೆ ಇದೇ ಹಾಲನ್ನು ಒಣಗಿಸಿ ಮನುಷ್ಯರಿಗೆ ಪುಡಿ, ಮಾತ್ರೆ ಮಾಡಿ ಮಾರುತ್ತಾರೆ. ಕರುವಿನ ಹೊಟ್ಟೆ ತುಂಬಿ ಮಿಕ್ಕದ್ದಾದರೆ ನನ್ನ ತಕರಾರಿಲ್ಲ. ಮೊದಲ ಪಾಲು ಕರುವಿನದು. ರಾತ್ರಿ ಎರಡಕ್ಕೆ ಎದ್ದು ಕೊಟ್ಟಿಗೆಯಲ್ಲಿ ಕೂರುವವರ ಕೆಲಸವನ್ನು ಯಾರೂ ಕೆಲಸ ಅಂತ ಎಣಿಸುವುದಿಲ್ಲ. ಎಣಿಸಿದ್ದರೆ ಎಷ್ಟೋ ಕರುಗಳು ಇರುತ್ತಿದ್ದವು.

ಇನ್ನು ನಿಮ್ಮ ಎರಡನೇ ಹಸು. ಅದರ ಕೆಚ್ಚಲಿಗೆ ಪ್ರತಿಕಾಯ ಇಳಿಯುವ ಕಾಲ ಇದೇ. ಇನ್ನೂ ಹಾಲು ಕರೆಯುತ್ತಿದ್ದರೆ ಇಂದೇ ಬತ್ತಿಸಲು ಶುರುಮಾಡಿ. ಕರುವಿನ ಭೇದಿ ತಡೆಯುವ ಲಸಿಕೆಯನ್ನು ತಾಯಿಗೆ ಕೊಡುವುದುಂಟು, ಪಶುವೈದ್ಯರನ್ನು ಈ ವಾರವೇ ಕೇಳಿ. ನಿಪ್ಪಲ್ ಬಾಟಲಿ ತೊಳೆದು ಒಣಗಿಸಿ ಇಡಿ. ಕರು ಹುಟ್ಟಿದ ಕೂಡಲೇ ಮೂಗು ಬಾಯಿ ಒರೆಸಿ, ಹೊಕ್ಕುಳ ಬಳ್ಳಿಗೆ ಅಯೋಡಿನ್ ಹಚ್ಚಿ, ಕೆಚ್ಚಲು ತೊಳೆದು ಹಾಲು ಕರೆಯಿರಿ. ಎರಡು ಗಂಟೆಯೊಳಗೆ ಕುಡಿಸಿ. ಹಾಲು ತಣ್ಣಗಾಗಿದ್ದರೆ ಬಾಟಲಿಯನ್ನು ಬಿಸಿ ನೀರಿನಲ್ಲಿ ಇಟ್ಟು ಮೈ ಬಿಸಿಗೆ ತನ್ನಿ. ಒಲೆಯ ಮೇಲೆ ಇಡಬೇಡಿ, ಕುದಿಸಿದರೆ ಪ್ರತಿಕಾಯ ಹಾಳಾಗುತ್ತದೆ. ಹೆರಿಗೆ ಕಷ್ಟವಾಗಿ ಕರುವಿನ ನಾಲಿಗೆ ಊದಿದ್ದರೆ ಅದಕ್ಕೆ ಚೀಪಲು ಆಗುವುದಿಲ್ಲ. ಬಾಯಿಗೆ ಬಲವಂತವಾಗಿ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋದೀತು. ಕೊಳವೆ ಹಾಕಿ ಕುಡಿಸಲು ಬಲ್ಲವರನ್ನು ಕರೆಸಿ, ರಾತ್ರಿಯಾದರೂ ಸರಿ. ಕರು ಕುಡಿದ ಮೇಲೂ ಗಿಣ್ಣು ಮಿಕ್ಕರೆ ಚೊಕ್ಕ ಬಾಟಲಿಯಲ್ಲಿ ಫ್ರೀಜರಿನಲ್ಲಿಡಿ. ಒಂದು ವರ್ಷದ ತನಕ ಇನ್ನೊಂದು ಕರುವಿಗೆ ಬರುತ್ತದೆ.

ಹಿರಿಯರ ಜೊತೆ ಜಗಳ ಬೇಡ. ಅವರನ್ನೂ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಬಾಟಲಿಯನ್ನು ಅವರ ಕೈಗೇ ಕೊಡಿ. ಹುಟ್ಟಿದ ಗಂಟೆ, ಕುಡಿದ ಗಂಟೆ, ಎಷ್ಟು ಲೀಟರು ಎಂಬುದನ್ನು ಹೋದ ಸಲದ ಹಾಗೆಯೇ ಬರೆದಿಟ್ಟುಕೊಳ್ಳಿ. ಕರುವಿಗೆ ಹನ್ನೆರಡು ದಿನ ತುಂಬಿದಾಗ ಆ ಚೀಟಿಯನ್ನು ನನಗೆ ಕಳಿಸಿ. ಕಾಯುತ್ತಿರುತ್ತೇನೆ.