7ನೇ ಕ್ಲಾಸ್ ತನಕ ಫಸ್ಟ್ ಬರ್ತಿದ್ದ ಮಗಳು ಹೈಸ್ಕೂಲಿಗೆ ಸೇರಿದ್ಮೇಲೆ ಮಂಕಾಗಿದ್ದಾಳೆ, ಟ್ಯೂಷನ್‌ಗೆ ಹಾಕ್ಬೇಕಾ?

ಮೇಡಂ, ಟ್ಯೂಷನ್‌ಗೆ ಈಗ್ಲೇ ಹಾಕ್ಬೇಡಿ. ಊರಿನ ಶಾಲೆ ಬಿಟ್ಟು ಹೋಬಳಿ ಹೈಸ್ಕೂಲಿಗೆ 8ಕ್ಕೆ ಸೇರಿದ್ಮೇಲೆ ಮನೇಲಿ ಮಾತೇ ಆಡ್ತಿಲ್ಲ, ಮೊದಲ ಟೆಸ್ಟಲ್ಲಿ ಮಾರ್ಕ್ಸೂ ಕಮ್ಮಿ ಬಂದಿದೆ ಅಂತ ಬರ್ದಿದೀರಲ್ಲ, ನಾನು ಸರ್ಕಾರಿ ಹೈಸ್ಕೂಲಲ್ಲಿ ಗಣಿತ ಹೇಳ್ಕೊಡೋನು, 8ನೇ ಕ್ಲಾಸಿಗೆ ಕ್ಲಾಸ್ ಟೀಚರ್ ಕೂಡ, ಪ್ರತಿ ವರ್ಷ ಜೂನ್ ಜುಲೈಲಿ ಇಂಥ ಮಕ್ಕಳು ಇದ್ದೇ ಇರ್ತಾರೆ. ಅವ್ರಲ್ಲಿ ಪಾಠ ಅರ್ಥ ಆಗ್ದೇ ಮಂಕಾಗೋರು ಕಮ್ಮಿ.

ಊರಿನ ಶಾಲೇಲಿ ಒಬ್ರೇ ಮೇಷ್ಟ್ರು ಮೂರ್ನಾಲ್ಕು ಸಬ್ಜೆಕ್ಟ್ ತಗೋತಾರೆ, ಅವ್ರಿಗೆ ನಿಮ್ಮ ಮನೆ ಗೊತ್ತು, ಅಜ್ಜಿಗೆ ಹುಷಾರಿಲ್ಲ ಅನ್ನೋದೂ ಗೊತ್ತು, ಮುಖ ಬಾಡಿದ್ರೆ ಯಾಕವ್ವಾ ಅಂತ ಕೇಳ್ತಾರೆ. ಇಲ್ಲಿ ಬೆಲ್ ಹೊಡೆದಂಗೆಲ್ಲ ಟೀಚರ್ ಬದಲು. ಒಬ್ಬೊಬ್ರೂ ಅವಳನ್ನ ದಿನಕ್ಕೆ ಒಂದು ಪೀರಿಯಡ್ ನೋಡ್ತೀವಿ, ಬೇರೆ ಯಾರಾದ್ರೂ ಕೇಳಿರ್ತಾರೆ ಬಿಡು ಅಂದ್ಕೋತೀವಿ, ಕೊನೆಗೆ ಯಾರೂ ಕೇಳಿರಲ್ಲ. ಇದ್ರ ಮೇಲೆ ಸುತ್ತಲಿನ ಐದಾರು ಊರಿನ ಫಸ್ಟ್ ಬಂದೋರೆಲ್ಲ ಒಂದೇ ಕ್ಲಾಸಲ್ಲಿ ಇರ್ತಾರೆ, ಅಲ್ಲಿ ಲೀಡರ್ ಆಗಿದ್ದವಳ ಹೆಸರು ಇಲ್ಲಿ ಪಕ್ಕದ ಬೆಂಚಿಗೂ ಗೊತ್ತಿರಲ್ಲ.

ಮೊದ್ಲು ಆ ಟೆಸ್ಟ್ ಯಾವ್ದು ಅಂತ ಕೇಳಿ. ಸೇತುಬಂಧ ಅಂತ ವರ್ಷದ ಶುರುವಲ್ಲಿ ಹಳೇ ಪಾಠ ನೆನಪು ಮಾಡ್ಸೋ ಕಾರ್ಯಕ್ರಮ ಇರತ್ತೆ, ಅದ್ರದ್ದಾಗಿದ್ರೆ ಅದು ಹಿಂದಿನ ಕ್ಲಾಸಿಂದು ಎಷ್ಟು ನೆನಪಿದೆ ಅಂತ ನಾವು ತಿಳ್ಕೊಳ್ಳೋಕೆ ಮಾಡೋದು, ಅದಾದ್ಮೇಲೆ ಒಂದಷ್ಟು ದಿನ ಹಳೇದೇ ಪಾಠ ಮಾಡಿ ಮತ್ತೆ ಸಾಫಲ್ಯ ಪರೀಕ್ಷೆ ಅಂತ ಇರತ್ತೆ. ಬೇಸಿಗೆ ರಜಾ ಮುಗಿಸಿ ಬಂದ ಮಕ್ಕಳು ಅದ್ರಲ್ಲಿ ಒಳ್ಳೆ ಮಾರ್ಕ್ಸ್ ತೆಗೆದ್ರೇನೇ ಆಶ್ಚರ್ಯ.

ಆಮೇಲೆ ನೋಟ್ಸ್ ತೆಗೆದು ನೋಡಿ, ಅವಳು ಮಲಗಿದ್ಮೇಲೆ ಕದ್ದು ಅಲ್ಲ, ಪಕ್ಕ ಕೂರಿಸ್ಕೊಂಡೇ. ಅರ್ಧಕ್ಕೆ ನಿಂತಿರೋ ಸಾಲುಗಳು ಇದ್ರೆ ಬರೆದು ಮುಗಿಸೋ ಮುಂಚೆ ಬೋರ್ಡ್ ಒರೆಸಿದ್ದಾರೆ ಅಂತ. ಪ್ರೈಮರಿಲಿ "ಮಿಸ್ ಒರೆಸ್ಬೇಡೀ" ಅಂತ ಕೂಗ್ತಿದ್ದವಳು ಇಲ್ಲಿ ಬಾಯಿ ಬಿಡಲ್ಲ. ಬ್ಯಾಗಲ್ಲಿ ದಿನಾ ಎಲ್ಲಾ ಪುಸ್ತಕ ಇದ್ರೆ ಟೈಮ್‌ಟೇಬಲ್ ಇನ್ನೂ ತಲೆಗೆ ಹತ್ತಿಲ್ಲ, ರಾತ್ರಿ ನಾಳೆ ಪೀರಿಯಡ್ ನೋಡಿ ಬ್ಯಾಗ್ ಜೋಡ್ಸೋದನ್ನ ಒಂದೆರಡು ವಾರ ಜೊತೆ ಕೂತು ಮಾಡ್ಸಿ ಸಾಕು.

"ಇವತ್ತು ಏನು ಪಾಠ ಮಾಡಿದ್ರು" ಅಂತ ಕೇಳಿದ್ರೆ "ಏನೂ ಇಲ್ಲ" ಅಂತಾನೇ ಉತ್ತರ ಬರತ್ತೆ. "ಯಾರ ಪಕ್ಕ ಕೂತು ಊಟ ಮಾಡ್ದೆ" ಅಂತ ಕೇಳಿ ನೋಡಿ. ಬಿಸಿಯೂಟ 10ನೇ ತನಕ ಇದೆ, ಆದ್ರೂ ದೊಡ್ಡ ಹುಡುಗ್ರ ಮಧ್ಯೆ ತಟ್ಟೆ ಹಿಡ್ಕೊಂಡು ನಿಲ್ಲೋಕೆ ನಾಚಿಕೆ ಆಗಿ ಊಟಾನೇ ಬಿಡೋ ಹುಡುಗೀರಿದಾರೆ, ಟಾಯ್ಲೆಟ್‌ಗೆ ಹೋಗೋಕೆ ಮುಜುಗರ ಅಂತ ನೀರೂ ಕುಡಿಯಲ್ಲ, ಮಧ್ಯಾಹ್ನದ ಮೇಲೆ ನನ್ನ ಪೀರಿಯಡಲ್ಲಿ ತಲೆನೋವು ಅಂತ ಬೆಂಚಿಗೆ ತಲೆ ಇಡ್ತಾರೆ. ವಯಸ್ಸು ಬೇರೆ ಅಂಥದ್ದು, ಮುಟ್ಟಿನ ವಿಷ್ಯ ನೀವೇ ಮಾತಾಡ್ಬೇಕು, ಬ್ಯಾಗಲ್ಲಿ ಒಂದು ಪ್ಯಾಡ್ ಯಾವಾಗ್ಲೂ ಇರ್ಲಿ.

ಕನ್ನಡ ಮೀಡಿಯಂನಿಂದ ಇಂಗ್ಲಿಷ್ ಮೀಡಿಯಂಗೆ ಹಾಕಿದೀರಾ ಅಂತ ನೀವು ಬರ್ದಿಲ್ಲ. ಹಾಕಿದ್ರೆ ಕಥೆ ಸ್ವಲ್ಪ ಬೇರೆ, ಲೆಕ್ಕ ಬರತ್ತೆ, ಪ್ರಶ್ನೆ ಓದೋಕೆ ಬರಲ್ಲ. ಪಠ್ಯಪುಸ್ತಕ ಸಂಘದ ವೆಬ್‌ಸೈಟಲ್ಲಿ ಎರಡೂ ಮೀಡಿಯಂ ಪುಸ್ತಕ ಫ್ರೀಯಾಗಿ ಸಿಗತ್ತೆ, ಪಾಠಗಳು ಅವೇ, ಕನ್ನಡದ್ದು ಮೊದ್ಲು ಓದ್ಕೊಂಡು ಹೋಗ್ಲಿ.

ಇನ್ನು ಮುಖ್ಯವಾದ್ದು, ಪೋಷಕರ ಸಭೆ ತನಕ ಕಾಯ್ದೇ ಒಂದು ದಿನ ಲಾಸ್ಟ್ ಬೆಲ್ ಟೈಮಿಗೆ ಹೋಗಿ ಕ್ಲಾಸ್ ಟೀಚರನ್ನ ನೋಡಿ. ಮಾರ್ಕ್ಸ್ ಬಗ್ಗೆ ಮಾತಾಡ್ಬೇಡಿ, ಮಗು ಬಗ್ಗೆ ಹೇಳಿ. ಹಳೇ ಶಾಲೆ ಮೇಷ್ಟ್ರ ಪರಿಚಯ ಇದ್ರೆ ಅವ್ರ ಕೈಲೂ ಒಂದು ಫೋನ್ ಮಾಡ್ಸಿ. ಮಕ್ಕಳ ದಾಖಲೆ ಇಡೋ ಸರ್ಕಾರದ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸಲ್ಲಿ ಹುಟ್ಟಿದ ದಿನ, ಜಾತಿ, ಹಳೇ ಮಾರ್ಕ್ಸ್ ಎಲ್ಲ ನಮಗೆ ಸಿಗತ್ತೆ, ಭಯ ಆದ್ರೆ ಈ ಹುಡುಗಿ ಉಗುರು ಕಚ್ತಾಳೆ ಅನ್ನೋದು ಸಿಗಲ್ಲ. ಅವಳ ಊರಿನವ್ರು ಯಾರಾದ್ರೂ ಅದೇ ಕ್ಲಾಸಲ್ಲಿದ್ರೆ ಪಕ್ಕ ಕೂರ್ಸಿ ಅಂತ ಕೇಳಿ. ಒಂದೇ ಊರಿನೋರು ಸೇರಿದ್ರೆ ಗಲಾಟೆ ಅಂತ ಬೇರೆ ಬೇರೆ ಕೂರಿಸೋ ಅಭ್ಯಾಸ ನಮ್ಮಲ್ಲಿ ಕೆಲವ್ರಿಗಿದೆ, ನನಗದು ಒಪ್ಪಿಗೆ ಇಲ್ಲ, ದಸರಾ ತನಕ ಮಾತಾಡ್ಕೊಂಡಿರ್ಲಿ ಬಿಡಿ.

ದಸರಾ ರಜಾ ಕಳೆದ್ಮೇಲೂ ಬೆಳಗ್ಗೆ ಆದ್ರೆ ಹೊಟ್ಟೆನೋವು, ಶಾಲೆಗೆ ಹೋಗಲ್ಲ ಅಂತಿದ್ರೆ ಹಗುರವಾಗಿ ತಗೋಬೇಡಿ, ಬಸ್ಸಲ್ಲೋ ದಾರೀಲೋ ಯಾರಾದ್ರೂ ತೊಂದ್ರೆ ಕೊಡ್ತಿದಾರಾ ಅಂತ ನೇರವಾಗೇ ಕೇಳಿ. ಅಂಥದ್ದಿದ್ರೆ ಹೆಡ್‌ಮಾಸ್ಟರಿಗೆ ಹೇಳಿ, 1098ಕ್ಕೂ ಫೋನ್ ಮಾಡ್ಬಹುದು.

ನೀವು ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ: ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೆ 8ನೇ ಕ್ಲಾಸಲ್ಲಿ ಎನ್‌ಎಂಎಂಎಸ್ ಅಂತ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ ಇದೆ, ಆಯ್ಕೆ ಆದ್ರೆ 9ರಿಂದ ಸೆಕೆಂಡ್ ಪಿಯು ತನಕ ವರ್ಷಕ್ಕೆ 12,000 ರೂಪಾಯಿ ಬರತ್ತೆ. ಮನೆ ಆದಾಯ 3.5 ಲಕ್ಷದ ಒಳಗಿರ್ಬೇಕು. ಆದಾಯ ಪ್ರಮಾಣಪತ್ರ ನಾಡಕಚೇರಿಲಿ ಈಗ್ಲೇ ಮಾಡಿಸಿಟ್ಕೊಳಿ, ಕೊನೇ ದಿನ ಹತ್ರ ಬಂದಾಗ ಅಲ್ಲಿ ಸರ್ವರ್ ಇರಲ್ಲ.